ಪೈಪಿನೊಳಗೆ ಗಾಳಿಯ ಗಲಾಟೆ

ಅಕ್ವೇರಿಯಂ ಇಟ್ಟುಕೊಂಡವರು ಮೀನಿನ ಕಾಯಿಲೆ ಬಗ್ಗೆಯೇ ಹೆಚ್ಚು ಕೇಳುತ್ತಾರೆ ಎಂದು ನೀವು ಅಂದುಕೊಂಡಿದ್ದರೆ ನನಗೆ ಬರುವ ಪತ್ರಗಳನ್ನೊಮ್ಮೆ ನೋಡಬೇಕು. ಈಚೀಚೆಗೆ ಅವುಗಳಲ್ಲಿ ಬಹುಪಾಲು ಸದ್ದಿನ ದೂರುಗಳೇ. ನಡುಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಇಟ್ಟು, ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಸಂಪ್ ಕೂರಿಸಿ, ಸಾವಿರಾರು ರೂಪಾಯಿ ಸುರಿದವರ ದೂರುಗಳು. ಹಗಲಿಡೀ ಟಿವಿ, ಮಿಕ್ಸಿ, ಬೀದಿಯ ಹಾರನ್ನುಗಳ ನಡುವೆ ಕೇಳಿಸದ್ದು ಮನೆಯವರೆಲ್ಲ ಮಲಗಿದ ಮೇಲೆ ಶುರುವಾಗುತ್ತದೆ. ಗುಳುಗುಳು, ಸೊರ್ರ್, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಫ್ಲಶ್ ಎಳೆದ ಹಾಗೆ ಭಸ್ಸೆಂದು ಒಂದು ಸಲ. ಮೈಸೂರಿನ ಓದುಗರೊಬ್ಬರ ಮನೆಗೆ ಬಂದಿದ್ದ ಅವರ ಅತ್ತೆ ಬೆಳಿಗ್ಗೆ ಕಾಫಿ ಕುಡಿಯುತ್ತಾ, ‘ಏನ್ ಅಳಿಯಂದ್ರೇ, ನಿಮ್ಮ ಮೀನಿಗೆ ರಾತ್ರಿಯೆಲ್ಲಾ ಭೇದಿನಾ?’ ಎಂದು ಕೇಳಿದರಂತೆ. ಇದರ ಜೊತೆಗೇ ಬರುವ ಇನ್ನೊಂದು ದೂರು ಕಣ್ಣಿನದ್ದು. ಟ್ಯಾಂಕಿನ ನೀರಿನ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಗಾಜಿಗೆ ಧೂಳು ಹಿಡಿದಂತೆ ಕಾಣುತ್ತದೆ, ಎಷ್ಟು ಕಾದರೂ ಹೋಗುವುದಿಲ್ಲ.

ಸಂಪ್ ಅಂದರೆ ಇಲ್ಲಿ ಮನೆ ಮುಂದೆ ನೆಲದಡಿ ಕಟ್ಟಿಸಿದ ತೊಟ್ಟಿಯಲ್ಲ, ಟ್ಯಾಂಕಿನ ಕೆಳಗಿಡುವ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನ ಟ್ಯಾಂಕಿನ ಒಂದು ಮೂಲೆಯಲ್ಲಿ ಓವರ್‌ಫ್ಲೋ ಬಾಕ್ಸ್ ಇರುತ್ತದೆ. ಅದರ ಅಂಚು ದಾಟಿ ಬಿದ್ದ ನೀರು ಡ್ರೈನ್ ಪೈಪಿನಲ್ಲಿ ಸಂಪಿಗೆ ಇಳಿದು, ಸ್ಪಂಜು ಮತ್ತು ಸೆರಾಮಿಕ್ ತುಂಡುಗಳ ನಡುವೆ ಹಾದು ಕೊನೆಯ ಖಾನೆಗೆ ಬರುತ್ತದೆ. ಅಲ್ಲಿರುವ ರಿಟರ್ನ್ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಇಡೀ ವ್ಯವಸ್ಥೆಯಲ್ಲಿ ಯಂತ್ರ ಅಂತ ಇರುವುದು ಪಂಪು ಒಂದೇ. ಹಾಗಾಗಿ ಸದ್ದು ಬಂದರೆ ಎಲ್ಲರೂ ಮೊದಲು ಪಂಪನ್ನೇ ಬೈಯುತ್ತಾರೆ, ಅದನ್ನು ಬದಲಿಸಿ ಇನ್ನೂ ದೊಡ್ಡದನ್ನು ತರುತ್ತಾರೆ. ಸದ್ದು ಇನ್ನೂ ಜೋರಾಗುತ್ತದೆ.

ನೀರು ತನ್ನಷ್ಟಕ್ಕೆ ಹರಿದರೆ ಅಷ್ಟೇನೂ ಸದ್ದು ಮಾಡುವುದಿಲ್ಲ. ಸದ್ದು ಮಾಡುವುದು ಅದರೊಳಗೆ ಸಿಕ್ಕಿಕೊಂಡ ಗಾಳಿ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿದ್ದ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ನೀರಿನೊಳಗಿನ ಪ್ರತಿ ಗುಳ್ಳೆಯೂ ಹಿಗ್ಗಿ ಕುಗ್ಗಿ ನಾದ ಹೊರಡಿಸುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಶ್ರುತಿ ಏರುತ್ತದೆ. ಎರಡು ಮಿಲಿಮೀಟರ್ ಅಗಲದ ಗುಳ್ಳೆಯದು ಸೆಕೆಂಡಿಗೆ ಸುಮಾರು 3,300 ಕಂಪನ, ಒಂದು ಸೆಂಟಿಮೀಟರ್ ಅಗಲದ್ದು 650ರ ಆಸುಪಾಸು. ಕ್ಯಾಬಿನೆಟ್ ಬಾಗಿಲು ತೆರೆದು ಕಿವಿಗೊಟ್ಟರೆ ಇದು ಉಪಯೋಗಕ್ಕೆ ಬರುತ್ತದೆ. ದಪ್ಪ ಸ್ವರದ ‘ಗುಳು ಗುಳು’ ಪೈಪಿನೊಳಗಿನ ದೊಡ್ಡ ಗುಳ್ಳೆಯದು, ಎಣ್ಣೆಗೆ ಸಾಸಿವೆ ಬಿದ್ದಂಥ ‘ಚರ್ರ್’ ಪೈಪಿನ ತುದಿಯಲ್ಲಿ ಒಡೆಯುವ ಸಣ್ಣ ಗುಳ್ಳೆಗಳದ್ದು. ತೊಟ್ಟಿಕ್ಕುವ ನಲ್ಲಿಯ ‘ಟಪ್’ ಸದ್ದು ಕೂಡ ಹನಿಯದ್ದಲ್ಲ, ಹನಿಯ ಕೆಳಗೆ ಸಿಕ್ಕಿಬಿದ್ದ ಪುಟ್ಟ ಗುಳ್ಳೆಯದ್ದು ಎಂದು ಕೇಂಬ್ರಿಡ್ಜ್‌ನ ಅನುರಾಗ್ ಅಗರ್ವಾಲ್ ಮತ್ತು ಸಂಗಡಿಗರು 2018ರಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ತೋರಿಸಿದ್ದಾರೆ. ಪಾತ್ರೆಗೆ ಎರಡು ತೊಟ್ಟು ಸೋಪು ಹಾಕಿದರೆ ಆ ಸದ್ದು ನಿಲ್ಲುತ್ತದೆ ಎಂದೂ ಅವರು ಹೇಳಿದ್ದಾರೆ. ಅದನ್ನು ಓದಿ ಸಂಪಿಗೆ ಸೋಪು ಹಾಕಲು ಹೋಗಬೇಡಿ, ಸದ್ದಿನ ಜೊತೆ ಮೀನೂ ಹೋಗುತ್ತದೆ.

ಹದಿನೈದು ಕೆಜಿ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗಳಗಳ ಎಂದು ತಡೆತಡೆದು ಸುರಿಯುತ್ತದೆ, ಸ್ಟೌ ಕಟ್ಟೆಯೆಲ್ಲ ಎರಚುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರೆ ಒಂದೇ ಧಾರೆ. ಡ್ರೈನ್ ಪೈಪಿನ ಕಥೆ ಇಷ್ಟೇ. ಕೆಳಗಿಳಿಯುವ ನೀರೂ ಮೇಲೇರುವ ಗಾಳಿಯೂ ಒಂದೇ ಬಾಯಲ್ಲಿ ನುಗ್ಗಾಡಿದಾಗ ಗಲಾಟೆ. ಪೈಪಿನಲ್ಲಿ ನೀರು ಕಡಿಮೆ ಇದ್ದರೆ ಅದು ಒಳಗೋಡೆಗೆ ಅಂಟಿಕೊಂಡು ಜಾರುತ್ತದೆ, ನಡುವೆ ಗಾಳಿ ತನ್ನ ಪಾಡಿಗೆ ಇರುತ್ತದೆ. ಸದ್ದಿಲ್ಲ. ಪೈಪು ಪೂರ್ತಿ ನೀರಿನಿಂದ ತುಂಬಿದ್ದರೆ ಗಾಳಿಗೆ ಜಾಗವೇ ಇಲ್ಲ. ಆಗಲೂ ಸದ್ದಿಲ್ಲ. ತೊಂದರೆ ಇರುವುದು ಇವೆರಡರ ನಡುವೆ, ಅರ್ಧಂಬರ್ಧ ತುಂಬಿದ ಪೈಪಿನಲ್ಲಿ. ಬಹುಮಹಡಿ ಕಟ್ಟಡಗಳ ಪ್ಲಂಬಿಂಗ್ ಲೆಕ್ಕದಲ್ಲಿ ಇದು ಹಳೆಯ ವಿಷಯ. ನೇರ ಇಳಿಯುವ ಪೈಪಿನ ಅಡ್ಡಕೊಯ್ತದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ನೀರಿರುವಂತೆ ಅಳತೆ ಇಡುತ್ತಾರೆ. ತಾರಸಿಯ ಮೇಲೆ ಬಾಯಿ ತೆರೆದು ನಿಂತಿರುತ್ತದಲ್ಲ ಏರ್ ಪೈಪು, ಅದಿರುವುದೂ ಇದಕ್ಕೇ.

ಆದ್ದರಿಂದ ಇರುವ ದಾರಿ ಎರಡು. ಗಾಳಿಗೆ ಬೇರೆ ಬಾಗಿಲು ಕೊಡಬೇಕು, ಇಲ್ಲವೇ ಒಳಗೆ ಬಿಡಲೇಬಾರದು.

ಮೊದಲ ದಾರಿಗೆ ಹವ್ಯಾಸಿಗಳು ಹೇಳುವ ಹೆಸರು ಡರ್ಸೊ. ಅಮೆರಿಕದ ಹವ್ಯಾಸಿ ರಿಚರ್ಡ್ ಡರ್ಸೊ ಅವರ ಉಪಾಯ ಇದು. ಓವರ್‌ಫ್ಲೋ ಬಾಕ್ಸಿನಲ್ಲಿ ನಿಂತ ಪೈಪಿನ ತಲೆಗೆ T ಆಕಾರದ ಜೋಡಣೆ, ಅಂದರೆ ಒಂದು ಟೀ ಹಾಕಿ, ಟೀಯ ಅಡ್ಡ ಬಾಯಿಗೆ ಕೆಳಮುಖವಾಗಿ ಎಲ್‌ಬೋ ಕೂರಿಸಬೇಕು. ಎಲ್‌ಬೋದ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಮೇಲ್ಮೈಯ ಗಾಳಿಯನ್ನು ಸುಳಿ ಹಾಕಿ ಎಳೆದುಕೊಳ್ಳುವುದಿಲ್ಲ. ಟೀಯ ಮೇಲ್ಬಾಯಿಗೆ ಎಂಡ್ ಕ್ಯಾಪ್ ಹಾಕಿ, ಅದಕ್ಕೊಂದು ಸಣ್ಣ ತೂತು. ಗಾಳಿ ಬರುವುದು ಅಲ್ಲಿಂದ ಮಾತ್ರ. ಇಡೀ ಕಸರತ್ತು ಈ ತೂತಿನ ಅಳತೆಯಲ್ಲಿದೆ. ತೀರ ಸಣ್ಣದಾದರೆ ಪೈಪು ಪೂರ್ತಿ ತುಂಬಿ, ಬಾಕ್ಸನ್ನು ಒಂದೇ ಉಸಿರಿಗೆ ಹೀರಿ, ಕೊನೆಗೆ ಗಾಳಿ ಎಳೆದು ನಿಲ್ಲುತ್ತದೆ. ಬಾಕ್ಸ್ ಮತ್ತೆ ತುಂಬುತ್ತದೆ, ಮತ್ತೆ ಹೀರುತ್ತದೆ. ಅತ್ತೆಯವರು ಕೇಳಿಸಿಕೊಂಡದ್ದು ಇದನ್ನೇ. ದೊಡ್ಡದಾದರೆ ಬಾಕ್ಸಿನ ನೀರಿನ ಮಟ್ಟ ಏರಿ, ತೂತು ‘ಸುಯ್’ ಎನ್ನುತ್ತಿರುತ್ತದೆ. ಎರಡು ಮಿಲಿಮೀಟರಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹಿಗ್ಗಿಸಬೇಕು. ಕ್ಯಾಪಿನ ತೂತಿಗೆ ಏರ್ ಪಂಪಿನ ಕೊಳವೆ ಸಿಕ್ಕಿಸಿ ಅದರ ತುದಿಗೆ ಪುಟ್ಟ ಪ್ಲಾಸ್ಟಿಕ್ ವಾಲ್ವ್ ಹಾಕಿಕೊಂಡರೆ ಡ್ರಿಲ್ ಹಿಡಿಯುವ ಗೋಜೇ ಇಲ್ಲ, ತಿರುಗಿಸಿ ಸರಿ ಮಾಡಿಕೊಳ್ಳಬಹುದು.

ಡರ್ಸೊದ ಮಿತಿ ಎಂದರೆ ಅದಕ್ಕೆ ಹೆಚ್ಚು ನೀರು ಆಗಿಬರುವುದಿಲ್ಲ. ಒಂದಿಂಚಿನ ಪೈಪಿನಲ್ಲಿ ಗಂಟೆಗೆ 1,200 ಲೀಟರ್ ದಾಟಿತೆಂದರೆ ಗೊಣಗಲು ಶುರು ಮಾಡುತ್ತದೆ. ನಮ್ಮ ಅಂಗಡಿಗಳಲ್ಲಿ ನಾಲ್ಕಡಿ ಟ್ಯಾಂಕಿಗೆ ಕೊಡುವ ಪಂಪು ಇದಕ್ಕಿಂತ ಎಷ್ಟೋ ಹೆಚ್ಚು ದೂಡುತ್ತದೆ. ಪಂಪಿನ ಡಬ್ಬದ ಮೇಲಿನ ಅಂಕಿಯನ್ನು ನಂಬಬೇಡಿ, ಅದು ನೀರನ್ನು ಒಂದಿಷ್ಟೂ ಮೇಲಕ್ಕೆತ್ತದೆ ಇದ್ದಾಗಿನ ಲೆಕ್ಕ. ರಿಟರ್ನ್ ಪೈಪಿನ ಬಾಯಿಗೆ ಹತ್ತು ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡು ನೋಡಿ. ಇಪ್ಪತ್ತು ಸೆಕೆಂಡಿಗೆ ತುಂಬಿದರೆ ಗಂಟೆಗೆ 1,800 ಲೀಟರ್. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಸುವುದು ಸುಮಾರು 240 ಲೀಟರ್. ಸಿಹಿನೀರಿನ ಮೀನಿಗೆ ಗಂಟೆಗೆ ನಾಲ್ಕೈದು ಸಲ ನೀರು ಸುತ್ತಿದರೆ ಧಾರಾಳವಾಯಿತು, ಅಂದರೆ 1,200ರೊಳಗೆ. ಎಷ್ಟೋ ಮನೆಗಳಲ್ಲಿ ಪಂಪಿನ ವೇಗ ತಗ್ಗಿಸಿದ್ದೇ ಪೂರ್ತಿ ಔಷಧವಾದದ್ದುಂಟು. ಹತ್ತು ಪಟ್ಟು ಸುತ್ತಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಹೇಳಲಿ, ಮಲಗುವವರು ನೀವು.

ಎರಡನೇ ದಾರಿ, ಅಂದರೆ ಗಾಳಿಯನ್ನು ಒಳಗೇ ಬಿಡದಿರುವುದು, ನೋಡಲು ಸುಲಭ, ಆದರೆ ಸ್ವಲ್ಪ ಲೆಕ್ಕ ಬೇಡುತ್ತದೆ. ಇದನ್ನು ಹರ್ಬಿ ಪದ್ಧತಿ ಎನ್ನುತ್ತಾರೆ. ಡ್ರೈನ್ ಪೈಪಿನ ಬಾಯಿ ಬಾಕ್ಸಿನ ನೀರಿನಲ್ಲಿ ಆಳವಾಗಿ ಮುಳುಗಿರುತ್ತದೆ, ಪೈಪು ಪೂರ್ತಿ ತುಂಬಿ ಸೈಫನ್ ಆಗಿ ಎಳೆಯುತ್ತದೆ. ಆದರೆ ಅದರ ಎಳೆತ ವಿಪರೀತ. ಮುಕ್ಕಾಲು ಮೀಟರ್ ಇಳಿತವಿರುವ ಒಂದಿಂಚಿನ ಪೈಪು ಬರಿಯ ಲೆಕ್ಕದಲ್ಲಿ ಗಂಟೆಗೆ 6,500 ಲೀಟರಿಗೂ ಹೆಚ್ಚು ಸಾಗಿಸಬಲ್ಲದು. ಎಲ್‌ಬೋ, ಘರ್ಷಣೆ ಎಂದು ಅರ್ಧ ಕಳೆದರೂ ನಿಮ್ಮ ಪಂಪಿಗಿಂತ ಅದೇ ಜೋರು. ಅದಕ್ಕೇ ಸಂಪಿನ ಹತ್ತಿರ ಒಂದು ವಾಲ್ವ್ ಹಾಕಿ, ಬಾಕ್ಸಿನ ನೀರು ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವ ತನಕ ಬಿಗಿ ಮಾಡುತ್ತಾ ಹೋಗಬೇಕು. ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಇನ್ನೊಂದು ಪೈಪು, ವಾಲ್ವ್ ಇಲ್ಲದ್ದು, ಆಪತ್ತಿಗೆಂದು. ಮೊದಲನೆಯದು ಕಟ್ಟಿಕೊಂಡರೆ ನೀರು ಇದರಲ್ಲಿಳಿಯುತ್ತದೆ.

ಇಲ್ಲಿ ವಾಲ್ವ್ ಬಗ್ಗೆ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ‘ಗೇಟ್ ವಾಲ್ವ್ ಯಾಕೆ ಸಾರ್, ಬಾಲ್ ವಾಲ್ವ್ ತಗೊಳ್ಳಿ, ಕಮ್ಮಿಗಾಗತ್ತೆ’ ಅನ್ನುತ್ತಾರೆ. ಬಾಲ್ ವಾಲ್ವಿನ ಹಿಡಿ ಕಾಲು ಸುತ್ತು ತಿರುಗಿದರೆ ಪೂರ್ತಿ ಬಂದ್. ಅಷ್ಟರೊಳಗೆ ಕೂದಲೆಳೆಯ ಹೊಂದಾಣಿಕೆ ಮಾಡುವುದು ಬಲು ಕಷ್ಟ, ಬೆರಳು ಸೋಕಿದರೆ ಮಟ್ಟ ತಪ್ಪುತ್ತದೆ. ಗೇಟ್ ವಾಲ್ವಿನ ಚಕ್ರ ಹಲವು ಸುತ್ತು ತಿರುಗುವುದರಿಂದ ನಿಧಾನಕ್ಕೆ ಹದ ಹಿಡಿಯಬಹುದು. ಆದರೆ ನಮ್ಮಲ್ಲಿ ಗೇಟ್ ವಾಲ್ವ್ ಎಂದರೆ ಸಲೀಸಾಗಿ ಕೈಗೆ ಕೊಡುವುದು ಹಿತ್ತಾಳೆಯದ್ದು. ಹಿತ್ತಾಳೆಯಲ್ಲಿ ತಾಮ್ರವಿದೆ, ತಾಮ್ರ ಸೀಗಡಿಗೂ ಬಸವನಹುಳುವಿಗೂ ಹವಳಕ್ಕೂ ವಿಷ. ಉಪ್ಪುನೀರಿನಲ್ಲಂತೂ ಅದು ಬೇಗ ಕರಗಿ ಬಿಡುತ್ತದೆ. ಹುಡುಕಬೇಕಾದರೂ ಸರಿ, ಪ್ಲಾಸ್ಟಿಕ್ಕಿನದ್ದನ್ನೇ ತನ್ನಿ.

ಹರ್ಬಿ ಹಾಕಿಸಿಕೊಂಡವರು ಮೊದಲ ವಾರ ಸ್ವರ್ಗ ಎನ್ನುತ್ತಾರೆ, ತಿಂಗಳ ಮೇಲೆ ಮತ್ತೆ ಸದ್ದು ಶುರುವಾಯಿತು ಎನ್ನುತ್ತಾರೆ. ಇದು ಕೆಲಸದವರ ದೋಷವಲ್ಲ. ಸೈಫನ್ನಿನ ಹರಿವು ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಎತ್ತರ 75 ಸೆಂಟಿಮೀಟರ್ ಇದ್ದಾಗ ಬಾಕ್ಸಿನ ನೀರು ಐದು ಸೆಂಟಿಮೀಟರಿನಷ್ಟು ಏರಿದರೂ ಹರಿವು ಹೆಚ್ಚುವುದು ಶೇ 3ರಷ್ಟು ಮಾತ್ರ. ಪಂಪಿನ ರೆಕ್ಕೆಗೆ ಪಾಚಿ ಹಿಡಿದೋ ವೋಲ್ಟೇಜ್ ಏರಿಳಿದೋ ಹರಿವು ಶೇ 5ರಷ್ಟು ಆಚೀಚೆಯಾಯಿತು ಅನ್ನಿ, ಸೈಫನ್ ತಾನಾಗಿ ಅದನ್ನು ಸರಿದೂಗಿಸಲಾರದು. ಹೆಚ್ಚಾದರೆ ನೀರು ಆಪತ್ತಿನ ಪೈಪಿಗೆ ಧುಮುಕುತ್ತದೆ, ಕಡಿಮೆಯಾದರೆ ಬಾಕ್ಸ್ ಬರಿದಾಗಿ ಗಾಳಿ ಎಳೆಯುತ್ತದೆ.

ಇದಕ್ಕೆ ಮದ್ದು ಬೀನ್‌ಅನಿಮಲ್ ಎಂಬ ವಿಚಿತ್ರ ಹೆಸರಿನ ಮೂರು ಪೈಪಿನ ವ್ಯವಸ್ಥೆ. ಅದನ್ನು ರೂಪಿಸಿದ ಅಮೆರಿಕದ ಹವ್ಯಾಸಿಯ ಅಡ್ಡಹೆಸರೇ ಅದಕ್ಕೂ ಉಳಿದಿದೆ. ನನ್ನ ಮಟ್ಟಿಗೆ ಮನೆ ಅಕ್ವೇರಿಯಂ ಪ್ಲಂಬಿಂಗ್‌ನಲ್ಲಿ ಇದಕ್ಕಿಂತ ಜಾಣ ಕೆಲಸ ಇನ್ನೊಂದಿಲ್ಲ. ಮೊದಲ ಪೈಪು ವಾಲ್ವ್ ಹಾಕಿದ ಪೂರ್ಣ ಸೈಫನ್, ನೀರಿನ ಹೆಚ್ಚು ಪಾಲು ಅದರದ್ದು. ವಾಲ್ವನ್ನು ಬೇಕೆಂದೇ ಒಂದು ಗುಲಗಂಜಿ ಹೆಚ್ಚು ಬಿಗಿ ಮಾಡಿ, ಉಳಿದ ಚೂರು ನೀರು ಎರಡನೇ ಪೈಪಿನಲ್ಲಿ ಇಳಿಯಲು ಬಿಡುತ್ತಾರೆ. ಅಷ್ಟು ಕಡಿಮೆ ನೀರು ಪೈಪಿನ ಗೋಡೆಗಂಟಿ ಜಾರುವುದರಿಂದ ಸದ್ದಿಲ್ಲ. ಪಂಪಿನ ಏರಿಳಿತವನ್ನೆಲ್ಲ ಈ ಎರಡನೆಯದು ನುಂಗಿಕೊಳ್ಳುತ್ತದೆ. ಇನ್ನೂ ಒಂದು ಚಮತ್ಕಾರವಿದೆ. ಎರಡನೇ ಪೈಪಿನ ತಲೆಯ ಮೇಲಿನ ಗಾಳಿಕೊಳವೆಯ ಬಾಯಿಯನ್ನು ಬಾಕ್ಸಿನ ನೀರಿನ ಮಟ್ಟಕ್ಕಿಂತ ತುಸು ಮೇಲೆ ಕೆಳಮುಖವಾಗಿ ಬಗ್ಗಿಸಿಟ್ಟಿರುತ್ತಾರೆ. ಮೊದಲ ಪೈಪಿಗೆ ಎಲೆಯೋ ಬಸವನಹುಳುವೋ ಸಿಕ್ಕಿ ಕಟ್ಟಿಕೊಂಡರೆ ಬಾಕ್ಸಿನ ನೀರು ಏರಿ ಈ ಕೊಳವೆಯ ಬಾಯಿ ಮುಚ್ಚುತ್ತದೆ. ಗಾಳಿ ನಿಂತ ತಕ್ಷಣ ಎರಡನೇ ಪೈಪೇ ಪೂರ್ಣ ಸೈಫನ್ ಆಗಿ ಕೆಲಸಕ್ಕೆ ಇಳಿಯುತ್ತದೆ. ಅದೂ ಕೈಕೊಟ್ಟರೆ ಮೂರನೆಯದು, ಯಾವಾಗಲೂ ಒಣಗಿಯೇ ಇರುವ ಆಪತ್ತಿನ ಪೈಪು.

ಹೊಸ ಟ್ಯಾಂಕ್ ಮಾಡಿಸುವವರಿಗೆ ಅದಕ್ಕೇ ಹೇಳುವುದು, ಡ್ರೈನಿಗೆಂದು ಮೂರು ತೂತು ಹಾಕಿಸಿ. ಗಾಜು ಕತ್ತರಿಸುವ ದಿನವೇ ಇದನ್ನು ತೀರ್ಮಾನಿಸಬೇಕು. ಟಫನ್ಡ್ ಗಾಜಾಗಿದ್ದರೆ ಆಮೇಲೆ ಡ್ರಿಲ್ ತಾಗಿಸಿದರೆ ಪುಡಿಪುಡಿ. ಈಗಾಗಲೇ ಎರಡೇ ತೂತಿದ್ದರೆ ಹರ್ಬಿ ಮಾಡಿ, ಆಪತ್ತಿನ ಪೈಪು ಒಂದು ಸೈಜ್ ದೊಡ್ಡದಿರಲಿ, ಅದರಲ್ಲೊಂದು ಎಳೆಯಷ್ಟು ನೀರು ಸದಾ ಇಳಿಯುತ್ತಿರಲಿ. ಒಂದೇ ತೂತಿದ್ದರೆ ಡರ್ಸೊ, ದಪ್ಪ ಪೈಪು, ಕಡಿಮೆ ಹರಿವು. ಒಂದೇ ಪೈಪಿಗೆ ವಾಲ್ವ್ ಹಾಕಿ ಸದ್ದು ಅಡಗಿಸುವ ‘ಐಡಿಯಾ’ ಮಾತ್ರ ಬೇಡವೇ ಬೇಡ. ಒಂದು ಎಲೆ ಸಿಕ್ಕಿಕೊಂಡರೆ ಪಂಪು ಸಂಪಿನ ನೀರನ್ನೆಲ್ಲ ನಿಮ್ಮ ನಡುಮನೆಗೆ ಸುರಿಯುತ್ತದೆ.

ಪೈಪು ಯಾವ ಬಗೆಯದ್ದಾದರೂ ಸಣ್ಣಪುಟ್ಟ ಜಾಗ್ರತೆಗಳು ಒಂದೇ. ನೀರು ಬಾಕ್ಸಿನೊಳಗೆ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬೀಳದ ಹಾಗೆ ಒಳಮಟ್ಟವನ್ನು ಎತ್ತರದಲ್ಲಿಡಿ. 90 ಡಿಗ್ರಿ ಎಲ್‌ಬೋ ಒಂದರ ಬದಲು 45ರವು ಎರಡು ಹಾಕಿ. ಪೈಪು ಮಲಗಿದಂತೆ ಅಡ್ಡಡ್ಡ ಹೋಗುವುದು ಬೇಡ, ಗಾಳಿ ಅಲ್ಲೇ ಠಿಕಾಣಿ ಹೂಡುತ್ತದೆ. ಸಂಪಿನಲ್ಲಿ ಪೈಪಿನ ತುದಿ ನೀರಿನೊಳಗೆ ಎರಡು ಮೂರು ಸೆಂಟಿಮೀಟರ್ ಮುಳುಗಿದ್ದರೆ ಸಾಕು. ಸದ್ದಾಗಬಾರದೆಂದು ತಳದವರೆಗೆ ಇಳಿಬಿಟ್ಟರೆ ಪೈಪಿನಲ್ಲಿರುವ ಗಾಳಿ ಅಷ್ಟು ನೀರನ್ನು ತಳ್ಳಿಕೊಂಡು ಹೊರಬರಲಾರದೆ ತೇಗುತ್ತಾ ಕೂರುತ್ತದೆ, ಸೈಫನ್ ಹಿಡಿಯುವುದೇ ಇಲ್ಲ.

ಇನ್ನು ಗುಳ್ಳೆಗಳ ದೂರು. ಡ್ರೈನ್ ಪೈಪು ಗಾಳಿ ಎಳೆಯುತ್ತಿದ್ದರೆ ಅದು ಪುಡಿಯಾಗಿ ಸಂಪಿಗೆ ಬರುತ್ತದೆ, ಅಲ್ಲಿ ಮೇಲಕ್ಕೆ ಬಂದು ಒಡೆಯುವ ಮುಂಚೆಯೇ ಪಂಪು ಅದನ್ನು ಟ್ಯಾಂಕಿಗೆ ತಳ್ಳಿಬಿಡುತ್ತದೆ. ದೊಡ್ಡ ಗುಳ್ಳೆ ಸರ್ರನೆ ಮೇಲೇರುತ್ತದೆ. ಕೂದಲೆಳೆಯಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಗುಳ್ಳೆ ಸೆಕೆಂಡಿಗೆ ಅರ್ಧ ಸೆಂಟಿಮೀಟರಿನಂತೆ ತೆವಳುತ್ತದೆ. ಇಪ್ಪತ್ತು ಸೆಂಟಿಮೀಟರ್ ನೀರು ದಾಟಲು ಅದಕ್ಕೆ ನಲವತ್ತು ಸೆಕೆಂಡು ಬೇಕು. ಆ ನಲವತ್ತು ಸೆಕೆಂಡನ್ನು ನಿಮ್ಮ ಸಂಪು ಕೊಡುತ್ತದೆಯೇ ಎನ್ನುವುದು ಪ್ರಶ್ನೆ. ಗಂಟೆಗೆ 1,800 ಲೀಟರ್ ಎಂದರೆ ಸೆಕೆಂಡಿಗೆ ಅರ್ಧ ಲೀಟರ್. ಮೂವತ್ತು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಆಳದ ತೆರೆದ ಖಾನೆಯಲ್ಲಿ ಆ ನೀರು ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತಲೂ ನಿಧಾನವಾಗಿ ಸರಿಯುತ್ತದೆ. ಖಾನೆ ಎರಡಡಿ ಉದ್ದವಿದ್ದರೆ ಗುಳ್ಳೆಗೆ ಬೇಕಾದಷ್ಟು ಸಮಯ ಸಿಕ್ಕಿತು. ಆದರೆ ನಮ್ಮ ಸಂಪುಗಳಲ್ಲಿ ಇಂಥ ಖಾಲಿ ಜಾಗ ಬಿಡುವುದಿಲ್ಲ. ‘ಬಬಲ್ ಟ್ರ್ಯಾಪ್’ ಎಂದು ಮೂರು ಗಾಜಿನ ಪಟ್ಟಿಗಳನ್ನು ಒತ್ತೊತ್ತಾಗಿ, ಮೂರು ಸೆಂಟಿಮೀಟರ್ ಅಂತರಕ್ಕೆ ಅಂಟಿಸಿ ಕೊಡುತ್ತಾರೆ. ಅದೇ ಅರ್ಧ ಲೀಟರ್ ನೀರು ಆ ಸಂದಿಯಲ್ಲಿ ಸೆಕೆಂಡಿಗೆ ಐದೂವರೆ ಸೆಂಟಿಮೀಟರ್ ವೇಗದಲ್ಲಿ ಕೆಳಕ್ಕಿಳಿಯುತ್ತದೆ. ಅರ್ಧ ಸೆಂಟಿಮೀಟರ್ ಏರುವ ಗುಳ್ಳೆ ಅದರ ಎದುರು ಈಜಲು ಸಾಧ್ಯವೇ? ಎಳೆದುಕೊಂಡೇ ಹೋಗುತ್ತದೆ. ಗುಳ್ಳೆ ಹಿಡಿಯಲೆಂದು ಮಾಡಿದ ಜಾಗವೇ ಗುಳ್ಳೆಯನ್ನು ಸಾಗಿಸುತ್ತದೆ! ಪಟ್ಟಿಗಳ ನಡುವೆ ಎಂಟು ಹತ್ತು ಸೆಂಟಿಮೀಟರ್ ಬಿಡಿಸಿ, ಅಥವಾ ಆ ಸಂದಿಗೆ ಒರಟು ಸ್ಪಂಜು ತುರುಕಿ. ಡ್ರೈನ್ ಪೈಪಿನ ತುದಿ ಒಂದು ಫಿಲ್ಟರ್ ಚೀಲದೊಳಗೆ ಇಳಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ, ಚೀಲವನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೊಳೆಯುವ ತಾಳ್ಮೆ ಇರಬೇಕಷ್ಟೆ. ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ಈ ಕಾಟ ಜಾಸ್ತಿ. ಉಪ್ಪಿನಿಂದಾಗಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗುವುದಿಲ್ಲ, ಸಣ್ಣದಾಗಿಯೇ ಉಳಿದು ಅಲೆಯುತ್ತವೆ. ಮೇಲೆ ಬಂದು ಒಡೆದವು ಎರಚುವ ಹನಿ ಒಣಗಿ ಕ್ಯಾಬಿನೆಟ್ಟಿನ ಪ್ಲಗ್ಗು ವೈರುಗಳ ಮೇಲೆಲ್ಲ ಉಪ್ಪು ಕಟ್ಟುತ್ತದೆ.

ಆದರೆ ಗುಳ್ಳೆ ಕಂಡ ಕೂಡಲೇ ಡ್ರೈನನ್ನು ದೂರಬೇಡಿ. ಸಂಪಿನಲ್ಲಿ ಉಳಿದ ಖಾನೆಗಳ ಮಟ್ಟವನ್ನು ಗಾಜಿನ ಪಟ್ಟಿಗಳು ಹಿಡಿದಿಡುತ್ತವೆ. ಆವಿಯಾದ ನೀರಿನ ಕೊರತೆಯೆಲ್ಲ ಕಾಣಿಸುವುದು ಪಂಪಿನ ಖಾನೆಯಲ್ಲಿ ಮಾತ್ರ. ಆ ಖಾನೆ 25 ಸೆಂಟಿಮೀಟರಿಗೆ 30 ಇದ್ದರೆ, ಬೇಸಿಗೆಯಲ್ಲಿ ಮೂರು ಲೀಟರ್ ಆವಿಯಾಗುವಷ್ಟರಲ್ಲಿ ಅಲ್ಲಿ ನಾಲ್ಕು ಸೆಂಟಿಮೀಟರ್ ಇಳಿದಿರುತ್ತದೆ. ಪಂಪಿನ ಮೇಲೆ ಸುಳಿ ಎದ್ದು ಅದೇ ಗಾಳಿ ಕುಡಿಯುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಸುಳಿ ಕಾಣುತ್ತದೆ, ಒಂದು ಚೊಂಬು ನೀರು ಸುರಿದರೆ ಗುಳ್ಳೆ ನಿಲ್ಲುತ್ತದೆ. ಇಷ್ಟಕ್ಕೆ ಪ್ಲಂಬರ್ ಕರೆಸಿ ಪೈಪು ಬಿಚ್ಚಿಸಿದವರು ನನಗೆ ಗೊತ್ತು.

ಎಲ್ಲ ಮುಗಿದ ಮೇಲೆ, ಊರಿಗೆ ಹೋಗುವ ಮುಂಚೆ, ಕರೆಂಟು ಹೋದ ಹಾಗೆ ಆಡಿ ನೋಡಲೇಬೇಕು. ಪಂಪಿನ ಸ್ವಿಚ್ ಆರಿಸಿ. ಟ್ಯಾಂಕಿನ ನೀರು ಓವರ್‌ಫ್ಲೋ ಅಂಚಿನವರೆಗೆ, ರಿಟರ್ನ್ ಪೈಪಿನ ಬಾಯಿ ಮುಳುಗಿದ್ದರೆ ಅದರ ಮಟ್ಟದವರೆಗೂ, ಸಂಪಿಗೆ ಇಳಿಯುತ್ತದೆ. ನಾಲ್ಕಡಿ ಟ್ಯಾಂಕಿನಲ್ಲಿ ಒಂದೊಂದು ಸೆಂಟಿಮೀಟರಿಗೂ ಐದು ಲೀಟರಿಗಿಂತ ಹೆಚ್ಚು ನೀರಿದೆ. ಐದು ಸೆಂಟಿಮೀಟರ್ ಇಳಿದರೆ 27 ಲೀಟರ್, ಬಾಕ್ಸಿನ ನೀರು ಬೇರೆ. ಅಷ್ಟಕ್ಕೂ ಸಂಪಿನಲ್ಲಿ ಜಾಗವಿರಬೇಕು. ಇಲ್ಲದಿದ್ದರೆ ರಿಟರ್ನ್ ಬಾಯಿಯನ್ನು ಮೇಲಕ್ಕೆ ತನ್ನಿ. ಆಮೇಲೆ ಸ್ವಿಚ್ ಹಾಕಿ, ಮುಂದೆ ನಿಂತು ನೋಡಿ. ಮೊದಲ ಒಂದೆರಡು ನಿಮಿಷ ಪೈಪು ಗಾಳಿ ಕಕ್ಕುತ್ತಾ ಗದ್ದಲ ಮಾಡುವುದು ಸಹಜ, ಅದಕ್ಕೆ ವಾಲ್ವ್ ಮುಟ್ಟಬೇಡಿ. ಸೈಫನ್ ತಾನಾಗಿ ಹಿಡಿಯಬೇಕು, ಬಾಕ್ಸಿನ ನೀರು ಮೊದಲಿದ್ದ ಗುರುತಿಗೇ ಬಂದು ನಿಲ್ಲಬೇಕು. ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಒಳ್ಳೆಯದು. ಇದನ್ನು ಒಂದೇ ಸಲ ಮಾಡಿ ಬಿಡಬೇಡಿ, ನಾಲ್ಕಾರು ಸಲ ಆರಿಸಿ ಹಾಕಿ. ಒಂದು ಸಲವಾದರೂ ಸೈಫನ್ ಹಿಡಿಯದೆ ಹೋದರೆ ಸಂಪಿನಲ್ಲಿರುವ ಪೈಪಿನ ತುದಿಯನ್ನು ಒಂದು ಬೆರಳಗಲ ಕತ್ತರಿಸಿ, ಮತ್ತೆ ಮೊದಲಿನಿಂದ ನೋಡಿ.